ಮನೆಯೊಳಗಿನಿಂದ ಕಂಡ ಗಂಡಸು



ನೈಜೀರಿಯದ ಚಿನುವ ಅಚಿಬೆ ಅವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. 1958ರಲ್ಲಿ ಪ್ರಕಟವಾದ ಈ ಕೃತಿಯ ನಾಯಕ ಒಕೊಂಕ್ವೊ ಹೆಸರಾಂತ ಕುಸ್ತಿಪಟು, ದುಡಿದು ಮೇಲೆ ಬಂದ ಕೃಷಿಕ. ಅವನಿಗೆ ಮೂವರು ಹೆಂಡಿರು. ಕಥೆ ಬಹುಮಟ್ಟಿಗೆ ಅವನ ಜೊತೆಯಲ್ಲೇ ಸಾಗುತ್ತದೆ. ಆ ಮೂವರಿಗೆ ಅವನು ಹೇಗೆ ಕಂಡನೆಂಬುದು ನಮಗೆ ತಿಳಿಯುವುದು ಅಲ್ಲಲ್ಲಿ ಮಾತ್ರ. ಕ್ಯಾಮರಾವನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರಿಂದ ಕಾಣುವ ನೋಟ ಬದಲಾಗುತ್ತದೆ. ಆಫ್ರಿಕದ ಲೇಖಕಿಯರು ಅದನ್ನು ಮನೆಯೊಳಗೆ ನಿಲ್ಲಿಸಿದರು.

1966ರಲ್ಲಿ ಫ್ಲೋರಾ ನ್ವಾಪಾ ಅವರ ‘ಎಫುರು’ ಲಂಡನ್ನಿನಲ್ಲಿ ಪ್ರಕಟವಾಯಿತು. ಆಫ್ರಿಕದ ಮಹಿಳೆಯೊಬ್ಬರು ಇಂಗ್ಲಿಷಿನಲ್ಲಿ ಬರೆದ ಮೊದಲ ಕಾದಂಬರಿಗಳಲ್ಲಿ ಇದೂ ಒಂದು. ಹಸ್ತಪ್ರತಿಯನ್ನು ಪ್ರಕಾಶಕರಿಗೆ ತಲುಪಿಸಿದವರು ಅಚಿಬೆ ಅವರೇ. ನಾಯಕಿ ಎಫುರು ಜಾಣ ವ್ಯಾಪಾರಿ. ಮೊದಲ ಗಂಡ ಮತ್ತೊಬ್ಬಳ ಜೊತೆ ಹೊರಟುಹೋಗುತ್ತಾನೆ, ಮಗಳು ಸತ್ತಾಗಲೂ ಬರುವುದಿಲ್ಲ. ಅವನ ತಂದೆಯೂ ಹಿಂದೆ ಹೀಗೆಯೇ ಮನೆ ಬಿಟ್ಟು ಹೋದವನು. ಎರಡನೆಯ ಗಂಡ ಅವಳ ನಡತೆಯನ್ನೇ ಶಂಕಿಸುತ್ತಾನೆ. ಆದರೆ ಇದೇ ಪುಸ್ತಕದಲ್ಲಿ ಊರು ಗೌರವಿಸುವ, ಮಗಳನ್ನು ಕೈಬಿಡದ ತಂದೆಯೂ ಇದ್ದಾನೆ. ಗಂಡಸರೆಲ್ಲ ಒಂದೇ ಎಂದು ನ್ವಾಪಾ ಹೇಳಲಿಲ್ಲ.

ಗಂಡಸು ಹೀಗೇಕಾದ ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರ ಹುಡುಕಿದವರು ಬುಚಿ ಎಮೆಚೆಟಾ. ಅವರ ‘ದಿ ಜಾಯ್ಸ್ ಆಫ್ ಮದರ್‌ಹುಡ್’ (1979) ಬ್ರಿಟಿಷರ ಆಳ್ವಿಕೆಯ ಕಾಲದ ಕಥೆ. ನಾಯಕಿ ನೂ ಎಗೊಳ ತಂದೆ ಹಳ್ಳಿಯ ಮುಖಂಡ, ಹೆಸರಾಂತ ಬೇಟೆಗಾರ. ಗಂಡ ನೈಫೆ ಲೇಗೋಸ್ ನಗರದಲ್ಲಿ ಬಿಳಿಯ ದಂಪತಿಗಳ ಬಟ್ಟೆ ಒಗೆಯುವವನು. ಹಳ್ಳಿಯ ಗಂಡನಿಗೆ ಜಮೀನಿತ್ತು, ಬಂಧುಬಳಗವಿತ್ತು, ಹಿರಿಯರ ಅಂಕೆಯೂ ಇತ್ತು. ನಗರದಲ್ಲಿ ಉಳಿದದ್ದು ಸಂಬಳ ಮತ್ತು ಯಜಮಾನಿಕೆ. ಹೊರಗೆ ತಲೆ ತಗ್ಗಿಸಿದವನು ಮನೆಯಲ್ಲಿ ದರ್ಪ ತೋರುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ ಅವನನ್ನು ಬಲವಂತವಾಗಿ ಸೇನೆಗೆ ಒಯ್ಯುತ್ತಾರೆ. ಆ ಯುದ್ಧದಲ್ಲಿ ಪಶ್ಚಿಮ ಆಫ್ರಿಕದ 81 ಮತ್ತು 82ನೆಯ ಡಿವಿಷನ್‌ಗಳು ಭಾರತಕ್ಕೆ ಬಂದು ಬರ್ಮಾದಲ್ಲಿ ಹೋರಾಡಿದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಇತ್ತ ಹೆಂಡತಿ ಸಣ್ಣಪುಟ್ಟ ವ್ಯಾಪಾರದಿಂದ ಮಕ್ಕಳನ್ನು ಸಾಕುತ್ತಾಳೆ. ಎಮೆಚೆಟಾ ನೈಫೆಯ ಅವಮಾನವನ್ನು ಮುಚ್ಚಿಡುವುದಿಲ್ಲ, ಆದರೆ ಆ ಕಾರಣಕ್ಕೆ ಅವನನ್ನು ಕ್ಷಮಿಸುವುದೂ ಇಲ್ಲ.

ಹಾಗಾದರೆ ಓದಿದ ಗಂಡಸು ಬದಲಾದನೆ? ಇದನ್ನು ಕೇಳಿದವರು ಸೆನೆಗಾಲಿನ ಮರಿಯಾಮಾ ಬಾ. ಫ್ರೆಂಚ್ ಭಾಷೆಯ ಅವರ ಮೊದಲ ಕಾದಂಬರಿ 1979ರಲ್ಲಿ ಬಂದಿತು. ಮರುವರ್ಷ ಅದಕ್ಕೆ ನೋಮಾ ಪ್ರಶಸ್ತಿ ದೊರೆಯಿತು. ಇಡೀ ಕೃತಿ ಒಬ್ಬ ವಿಧವೆ ಗೆಳತಿಗೆ ಬರೆದ ದೀರ್ಘ ಪತ್ರ. ಗಂಡ ಮೊದು ಫಾಲ್ ಕಾನೂನು ಓದಿದವನು, ಕಾರ್ಮಿಕರ ನಾಯಕ. ಅಂಥವನು 12 ಮಕ್ಕಳ ತಾಯಿಯಾದ ಹೆಂಡತಿಗೆ ಒಂದು ಮಾತೂ ಹೇಳದೆ ಮಗಳ ಸಹಪಾಠಿಯನ್ನು ಮದುವೆಯಾಗುತ್ತಾನೆ. ಇದೇ ಕಾದಂಬರಿಯಲ್ಲಿ ಅಳಿಯನೊಬ್ಬ ಮನೆಯಲ್ಲಿ ಅನ್ನ ಬೇಯಿಸುತ್ತಾನೆ, ಅದನ್ನು ಕೀಳೆಂದು ಭಾವಿಸುವುದಿಲ್ಲ. ಹೊಸ ತಲೆಮಾರು ಹೇಗಿರಬಹುದೆಂಬುದರ ಚಿಕ್ಕ ಸೂಚನೆ ಇದು.

ಇನ್ನೂ ಸೂಕ್ಷ್ಮವಾದ ಚಿತ್ರ ತ್ಸಿತ್ಸಿ ದಂಗರೆಂಬ್ಗಾ ಅವರ ‘ನರ್ವಸ್ ಕಂಡಿಷನ್ಸ್’ (1988) ಕೃತಿಯಲ್ಲಿದೆ. ಅಂದಿನ ರೊಡೇಷಿಯದ, ಇಂದಿನ ಜಿಂಬಾಬ್ವೆಯ ಮಿಷನ್ ಶಾಲೆಯ ಮುಖ್ಯೋಪಾಧ್ಯಾಯ ಬಾಬಾಮುಕುರು ಇಡೀ ಕುಟುಂಬದ ಆಸರೆ. ತಮ್ಮನ ಮಗಳು ತಂಬುವನ್ನು ಓದಿಸುವವನು ಅವನೇ, ಎದುರು ಮಾತಾಡಿದ ಸ್ವಂತ ಮಗಳ ಮೇಲೆ ಕೈಮಾಡುವವನೂ ಅವನೇ. ಕೃತಜ್ಞತೆಯೇ ತಂಬುವಿನ ಬಾಯಿ ಕಟ್ಟುತ್ತದೆ. ಉಪಕಾರ ಮಾಡಿದವರ ತಪ್ಪನ್ನು ಎತ್ತಿ ಹೇಳುವುದು ಎಷ್ಟು ಕಷ್ಟವೆಂಬುದು ನಿಮಗೂ ತಿಳಿದಿದ್ದೀತು.

ಈ ಲೇಖಕಿಯರು ಗಂಡಸರ ಮುಖಕ್ಕೆ ಮಸಿ ಬಳಿದರೆಂಬ ಆಕ್ಷೇಪ ಬಂದದ್ದುಂಟು. ಪರಕೀಯರೆದುರು ಮನೆಯ ಗುಟ್ಟು ಬಿಚ್ಚಬಾರದೆಂಬ ಅಳುಕು ಅದರ ಹಿಂದಿತ್ತು. ವಸಾಹತು ಆಡಳಿತದಲ್ಲಿ ನಿಂದೆಗೊಳಗಾದ ಜನರಿಗೆ ಆ ಅಳುಕು ಸಹಜ. ಆದರೆ ನೈಜೀರಿಯ ಮತ್ತು ಸೆನೆಗಾಲ್ 1960ರಲ್ಲಿ, ಜಿಂಬಾಬ್ವೆ 1980ರಲ್ಲಿ ಸ್ವತಂತ್ರವಾದವು. ದೇಶಕ್ಕೆ ಬಂದ ಸ್ವಾತಂತ್ರ್ಯ ಮನೆಯೊಳಗೂ ಬಂದಿತೆ ಎಂದು ಕೇಳುವುದು ದೇಶದ್ರೋಹವಲ್ಲ. ಈ ಪ್ರಶ್ನೆ ಅಲ್ಲಿಗೇ ಮುಗಿಯಲೂ ಇಲ್ಲ. 2003ರಲ್ಲಿ ಬಂದ ಚಿಮಮಾಂಡ ಅಡಿಚಿ ಅವರ ‘ಪರ್ಪಲ್ ಹೈಬಿಸ್ಕಸ್’ನಲ್ಲಿ ಸೇನಾಡಳಿತವನ್ನು ಎದುರಿಸುವ ಪತ್ರಿಕೆಯ ಒಡೆಯನೊಬ್ಬ ಮನೆಯಲ್ಲಿ ತಾನೇ ಸರ್ವಾಧಿಕಾರಿ.

ಈ ಪುಸ್ತಕಗಳಲ್ಲಿ ಯಾವುದಾದರೂ ಒಂದನ್ನು ಗ್ರಂಥಾಲಯದಲ್ಲಿ ಕೇಳಿ ಪಡೆದು ಓದಿ. ಗಂಡಸಿನ ಪಾತ್ರ ಬಂದಾಗ ಅವನು ಒಳ್ಳೆಯವನೋ ಕೆಟ್ಟವನೋ ಎಂದು ಕೂಡಲೇ ತೀರ್ಮಾನಿಸಬೇಡಿ. ಅವನ ಸಂಪಾದನೆ ಎಲ್ಲಿಂದ, ಅವನು ಯಾರ ಮುಂದೆ ಬಗ್ಗುತ್ತಾನೆ, ಅವನ ಮುಂದೆ ಬಗ್ಗುವವರು ಯಾರು ಎಂಬುದನ್ನು ಮೊದಲು ಗಮನಿಸಿ. ತೀರ್ಪನ್ನು ಆಮೇಲೆ ನೀವೇ ಕೊಡಿ.