ಲಾಯರ್ ಆಗಲು ಯಾರಿಗೆ ಅವಕಾಶವಿತ್ತು, ಯಾರಿಗಿದೆ?

ತಾಲ್ಲೂಕು ಕೋರ್ಟಿನ ಅಂಗಳದಲ್ಲಿ ಕರಿಕೋಟು ಹಾಕಿಕೊಂಡು ಓಡಾಡುವವರನ್ನು ಕಂಡಾಗ 'ನಮ್ಮ ಮನೆಯಿಂದಲೂ ಒಬ್ಬರು ಲಾಯರ್ ಆಗಬೇಕು' ಎಂದು ಅನೇಕರಿಗೆ ಅನಿಸುತ್ತದೆ. ಜಮೀನಿನ ಕೇಸಿಗಾಗಿ ವರ್ಷಗಟ್ಟಲೆ ಅಲೆದ ಮನೆಯವರಿಗಂತೂ ಈ ಆಸೆ ಹೆಚ್ಚು. ಆದರೆ ಈ ಬಾಗಿಲು ಎಲ್ಲರಿಗೂ ತಾನಾಗಿ ತೆರೆದದ್ದಲ್ಲ. ಒಂದೊಂದು ಬೇಲಿಯನ್ನೂ ಯಾರೋ ಹೋರಾಡಿ ಕೀಳಬೇಕಾಯಿತು.

ಮುಂಬೈಯ ಸರ್ಕಾರಿ ಕಾನೂನು ಕಾಲೇಜು ಶುರುವಾದದ್ದು 1855ರಲ್ಲಿ. 1935ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. ಬ್ರಿಟಿಷರ ಕಾಲದಲ್ಲಿ ವಕೀಲರೆಲ್ಲ ಒಂದೇ ಆಗಿರಲಿಲ್ಲ. ಬ್ಯಾರಿಸ್ಟರ್, ವಕೀಲ, ಪ್ಲೀಡರ್, ಮುಖ್ತಾರ್ ಎಂಬ ದರ್ಜೆಗಳಿದ್ದವು. ದುಡ್ಡಿದ್ದವರ ಮಕ್ಕಳು ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬರುತ್ತಿದ್ದರು.

ಹೆಂಗಸರಿಗೆ ಓದಿದರೂ ಕೆಲಸ ಸಿಗುತ್ತಿರಲಿಲ್ಲ. ಕಾರ್ನೀಲಿಯಾ ಸೊರಾಬ್ಜಿ 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಪಾಸಾದರು. ಆದರೆ ಡಿಗ್ರಿ ಕೈಗೆ ಸಿಕ್ಕಿದ್ದು 30 ವರ್ಷ ಕಳೆದ ಮೇಲೆ. ರೆಜಿನಾ ಗುಹಾ ಎಂಬುವರು ಕಾನೂನು ಪದವಿ ಪಡೆದು ಅರ್ಜಿ ಹಾಕಿದಾಗ, 1916ರಲ್ಲಿ ಕಲ್ಕತ್ತಾ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಕಾಯ್ದೆಯಲ್ಲಿರುವ 'ವ್ಯಕ್ತಿ' ಎಂಬ ಪದದಲ್ಲಿ ಹೆಂಗಸು ಸೇರುವುದಿಲ್ಲ ಎಂಬುದು ಕೋರ್ಟಿನ ವಾದ! ಕೊನೆಗೆ 1923ರಲ್ಲಿ ಹೊಸ ಕಾಯ್ದೆ ಬಂದು ಆ ಬೇಲಿ ಬಿತ್ತು.

ಸ್ವಾತಂತ್ರ್ಯ ಬಂದ ಮೇಲೆ, 1961ರ ವಕೀಲರ ಕಾಯ್ದೆ ಹಳೆಯ ದರ್ಜೆಗಳನ್ನು ತೆಗೆದು ಎಲ್ಲರನ್ನೂ 'ಅಡ್ವೊಕೇಟ್' ಮಾಡಿತು. 1967ರಿಂದ ಡಿಗ್ರಿಯ ನಂತರ ಮೂರು ವರ್ಷದ ಕಾನೂನು ಓದು ಕಡ್ಡಾಯವಾಯಿತು. ಪಿಯುಸಿ ಆದ ಕೂಡಲೇ ಸೇರುವ ಐದು ವರ್ಷದ ಕೋರ್ಸ್ ಬಂದದ್ದು 1980ರ ದಶಕದಲ್ಲಿ. ಆ ಮಾದರಿಗೆ ಹೆಸರು ತಂದುಕೊಟ್ಟ ರಾಷ್ಟ್ರೀಯ ಕಾನೂನು ಶಾಲೆ ನಮ್ಮ ಬೆಂಗಳೂರಿನಲ್ಲೇ ಇದೆ. ಎನ್.ಆರ್. ಮಾಧವ ಮೆನನ್ ಅದನ್ನು ಕಟ್ಟಿದರು. ಮೊದಲ ಬ್ಯಾಚ್ ಸೇರಿದ್ದು 1988ರಲ್ಲಿ.

ಇವತ್ತಿಗೂ ಇರುವುದು ಇವೇ ಎರಡು ದಾರಿ. ಪಿಯುಸಿ ಮೇಲೆ ಐದು ವರ್ಷ, ಇಲ್ಲವೇ ಯಾವುದಾದರೂ ಡಿಗ್ರಿ ಮೇಲೆ ಮೂರು ವರ್ಷ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾವುದಾದರೂ ಆಗುತ್ತದೆ. ಬಾರ್ ಕೌನ್ಸಿಲ್ 2008ರ ನಿಯಮಗಳ ಪ್ರಕಾರ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40 ಅಂಕ ಬೇಕು. ಕ್ಲಾಸಿಗೆ ಹಾಜರಾಗಲೇಬೇಕು. ಅಂಚೆ ಶಿಕ್ಷಣದಲ್ಲಿ ಪಡೆದ ಕಾನೂನು ಪದವಿಯಿಂದ ವಕೀಲಿಕೆ ಮಾಡಲು ಬರುವುದಿಲ್ಲ. ಹಾಗೆ ಹೇಳಿ ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ಓದು ಮುಗಿದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸಾಗಬೇಕು.

ಇತ್ತೀಚಿನ ಎರಡು ಬೇಲಿಗಳೂ ಕೋರ್ಟಿನಲ್ಲೇ ಬಿದ್ದವು. ಐದು ವರ್ಷದ ಕೋರ್ಸಿಗೆ 20, ಮೂರು ವರ್ಷದ್ದಕ್ಕೆ 30 ಎಂದು ವಯಸ್ಸಿನ ಮಿತಿ ಹಾಕಿದ್ದರು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಇನ್ನೊಂದು, ನೋಂದಣಿ ಶುಲ್ಕ. ಕಾಯ್ದೆಯಲ್ಲಿರುವುದು ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ರಾಜ್ಯಗಳ ಬಾರ್ ಕೌನ್ಸಿಲ್‌ಗಳು ವಸೂಲಿ ಮಾಡುತ್ತಿದ್ದದ್ದು ಸಾವಿರಗಟ್ಟಲೆ. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಉಳಿದಿರುವ ದೊಡ್ಡ ಬೇಲಿ ಇಂಗ್ಲಿಷ್. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ 2008ರಿಂದ ನಡೆಯುತ್ತಿರುವ ಕ್ಲಾಟ್ ಪರೀಕ್ಷೆ ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ 2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಕನ್ನಡದಲ್ಲೇ ಉತ್ತರ ಬರೆಯಬಹುದು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಸಣ್ಣ ಸಂಗತಿಯಲ್ಲ.

ಕಕ್ಷಿದಾರರು ಮಾತಾಡುವುದು ಕನ್ನಡ, ಪಹಣಿ ಇರುವುದು ಕನ್ನಡದಲ್ಲಿ. ಅವರ ಮಾತು ಅರ್ಥವಾಗುವ ವಕೀಲರು ನಮ್ಮೂರಿನಿಂದಲೇ ಬರಬೇಕು. ಡಿಗ್ರಿ ಮುಗಿಸಿ ಮನೆಯಲ್ಲಿರುವ ಅಕ್ಕ, ಹೊಲ ನೋಡಿಕೊಳ್ಳುತ್ತಿರುವ ಅಣ್ಣ ಯಾರಾದರೂ ಇದ್ದರೆ ಅವರಿಗೆ ಈ ವಿಷಯ ಹೇಳಿ. ರೆಜಿನಾ ಗುಹಾ ಅವರಿಗೆ ಸಿಗದ ಅವಕಾಶ ಇವತ್ತು ಅವರಿಗಿದೆ.