ಬೆಕ್ಕಿನ ಪಾದಶೋಥ

ಬೆಕ್ಕಿನ ಅಂಗಾಲಿನ ಮೆತ್ತೆಯು, ಹೊರಗೆ ಕಾರಣವೊಂದೂ ಗೋಚರಿಸದೆ, ವಾರಗಟ್ಟಲೆ ಊದಿಕೊಂಡೇ ಇರುವ ವ್ಯಾಧಿ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಸುರಿದು ಮುರಕಲ್ಲಿನ ಅಂಗಳಗಳು ಒಣಗದಿರುವಾಗ ಇಂತಹ ಬಾವನ್ನು ಕೆಸರಿನ ದೋಷವೆಂದೋ, ಮೀನುಗಾರಿಕಾ ದಕ್ಕೆಯಲ್ಲಿ ಮೀನಿನ ಮುಳ್ಳು ಚುಚ್ಚಿತೆಂದೋ ಬಗೆಯುವುದು ಸಹಜ. ಒಂದೇ ಪಾದವು ಬಿಸಿಯೇರಿ ನೋಯುತ್ತಿದ್ದರೆ ಮುಳ್ಳು, ಕಾದಾಟದ ಕಡಿತ ಅಥವಾ ಒಳಬೆಳೆದ ಉಗುರು ಕಾರಣವಾಗಿರುವುದೂ ಉಂಟು. ಆದರೆ ಒಂದಕ್ಕಿಂತ ಹೆಚ್ಚು ಪಾದಗಳ ನಡುಮೆತ್ತೆಗಳು ಗಾಳಿ ತುಂಬಿದ ದಿಂಬಿನಂತೆ ಮೆತ್ತಗಾಗಿ, ನೇರಳೆ ಛಾಯೆ ತಳೆದು, ಮೇಲೆ ಬಿಳಿಯ ಸೂಕ್ಷ್ಮರೇಖೆಗಳು ಮೂಡಿದ್ದಲ್ಲಿ, ಅದು ದೇಹರಕ್ಷಣೆಗೆ ನಿಯುಕ್ತವಾದ ಪ್ಲಾಸ್ಮಾ ಕೋಶಗಳು ಅಲ್ಲಿ ಸಂಚಯಗೊಂಡುದರ ಲಕ್ಷಣವೆಂದು ಶಂಕಿಸಬೇಕು; ಸೂಜಿಯಿಂದ ತೆಗೆದ ದ್ರವ್ಯವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಸಂಶಯ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಇಂಥ ಕೆಲವು ಬೆಕ್ಕುಗಳಲ್ಲಿ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ವೈರಾಣುವೂ ಕಂಡುಬರುವುದರಿಂದ ರಕ್ತಪರೀಕ್ಷೆ ಉಚಿತ.

ಪ್ಲಾಸ್ಮಾ ಕೋಶಗಳ ಈ ವ್ಯಾಧಿಗೆ ಪಶುವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಔಷಧವನ್ನು ಹಲವು ವಾರ ಕೊಡಿಸುತ್ತಾರೆ; ಒಣಮಾತ್ರೆಯು ಅನ್ನನಾಳದಲ್ಲಿ ಸಿಲುಕಿ ಹುಣ್ಣಾಗಿಸಬಹುದಾದುದರಿಂದ ಹಿಂದೆಯೇ ನೀರು ಕುಡಿಸತಕ್ಕದ್ದು. ಮೆತ್ತೆಯ ಬದಲು ಮುದಿ ಬೆಕ್ಕಿನ ಬೆರಳುಗಳೇ ಊದಿದ್ದರೆ ಶ್ವಾಸಕೋಶದ ಅರ್ಬುದವು ಅಲ್ಲಿಗೆ ಹರಡಿರುವ ಸಂಭವವುಂಟು. ನೋವು ಶಮನಕ್ಕೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲನ್ನು ಮಾತ್ರ ಕರುಣೆಯಿಂದಲೂ ಕೊಡಕೂಡದು: ಬೆಕ್ಕಿನ ಯಕೃತ್ತು ಅದನ್ನು ನಿರ್ವಿಷಗೊಳಿಸಲಾರದೆ, ರಕ್ತ ಕಂದುಗಟ್ಟಿ, ಮುಖವೂ ಪಾದಗಳೂ ಇನ್ನಷ್ಟು ಊದಿ ಪ್ರಾಣಹಾನಿಯಾಗಬಹುದು.