ಮಡಿದವರಿಗೆ ಸ್ಮಾರಕ, ಗಾಯಾಳುವಿಗೆ ಅರ್ಜಿ

ಸೆಪ್ಟೆಂಬರ್ 23 ಬಂತು ಅಂದ್ರೆ ನಾವು ಟಿವಿಯವರು ಹೈಫಾ ಕಥೆ ಹೇಳ್ತೀವಿ. ಹೇಳಲೇಬೇಕು. 1918ನೇ ಇಸವಿ, ಮೊದಲ ಮಹಾಯುದ್ಧ. ಇವತ್ತು ಇಸ್ರೇಲ್‌ನಲ್ಲಿರುವ ಹೈಫಾ ಪಟ್ಟಣ ಆಗ ತುರ್ಕರ ಕೈಯಲ್ಲಿತ್ತು. ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ಮಷಿನ್‌ಗನ್‌ಗಳು. ಎದುರಿಗೆ ಈಟಿ ಹಿಡಿದು ಕುದುರೆ ಏರಿದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು. ನಮ್ಮ ಮೈಸೂರಿನವರು ಬೆಟ್ಟ ಹತ್ತಿ ಆ ಫಿರಂಗಿಗಳ ಬಾಯಿ ಮುಚ್ಚಿಸಿದರು. ಸಂಜೆಯ ಹೊತ್ತಿಗೆ ಊರು ಕೈವಶ. ಆ ಪಡೆಯನ್ನು ಕಳಿಸಿಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್.

ಅವತ್ತು ಸತ್ತವರು 8 ಜನ. ಗಾಯಗೊಂಡವರು 34 ಜನ. ಆ ಯುದ್ಧದಲ್ಲಿ ಮಡಿದವರ ನೆನಪಿಗೆ ದೆಹಲಿಯಲ್ಲಿ ತೀನ್ ಮೂರ್ತಿ ನಿಂತಿದೆ. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರನ್ನೂ ಸೇರಿಸಿದರು. ಸಂತೋಷ. ಆದರೆ ಆ 34 ಜನ? ಊರಿಗೆ ಬಂದ ಮೇಲೆ ಅವರು ಹೇಗೆ ಬದುಕಿದರು? ಯಾವ ಚಾನೆಲ್ಲೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇದು ಬರೀ 1918ರ ಪ್ರಶ್ನೆ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗೆ ಹೋದರೆ ‘ಮಿಲ್ಟ್ರಿ’ ಅನ್ನೋ ಅಡ್ಡಹೆಸರಿನ ಒಬ್ಬರಾದರೂ ಸಿಗ್ತಾರೆ. ಅಂಥ ಒಬ್ಬರನ್ನು ಊಹಿಸಿಕೊಳ್ಳಿ. ಅಪ್ಪನಿಗೆ ಎರಡು ಎಕರೆ ಹೊಗೆಸೊಪ್ಪು. ಹುಡುಗ ಹತ್ತೊಂಬತ್ತಕ್ಕೆ ಸೈನ್ಯಕ್ಕೆ ಸೇರಿದ. ಕಣ್ಣು, ಕಿವಿ, ಎದೆ, ಕಾಲು ಎಲ್ಲ ಪರೀಕ್ಷೆ ಮಾಡಿ ‘ಫಿಟ್’ ಅಂತ ಬರೆದುಕೊಂಡರು. ಹದಿನೇಳು ವರ್ಷ ಹಿಮದಲ್ಲಿ, ಮರಳುಗಾಡಿನಲ್ಲಿ ದುಡಿದ. ಬಿಡುಗಡೆ ಹೊತ್ತಿಗೆ ಬಿಪಿ, ಬೆನ್ನುನೋವು, ಒಂದು ಕಿವಿ ಕೇಳಲ್ಲ. ಆಗ ವೈದ್ಯಕೀಯ ಮಂಡಳಿ ಒಂದು ಷರಾ ಬರೆಯುತ್ತೆ: ಈ ಕಾಯಿಲೆ ಸೇವೆಯಿಂದ ಬಂದಿದ್ದೂ ಅಲ್ಲ, ಸೇವೆಯಿಂದ ಹೆಚ್ಚಾಗಿದ್ದೂ ಅಲ್ಲ. ಈ ಷರಾದ ಇಂಗ್ಲಿಷ್ ಪದಗಳ ಮೊದಲಕ್ಷರ ಕೂಡಿಸಿ ಕಡತದಲ್ಲಿ ‘ನಾನಾ’ ಅಂತಾರೆ. ನಮ್ಮ ಕನ್ನಡದಲ್ಲಿ ನಾನಾ ಅಂದ್ರೆ ಹಲವು. ಪಿಂಚಣಿ ಕಡತದಲ್ಲಿ ಅದಕ್ಕೆ ಒಂದೇ ಅರ್ಥ: ಇಲ್ಲ.

ಹೊಗೆಸೊಪ್ಪಿನ ಹರಾಜು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಬೇಲ್ ಬಿಚ್ಚಿ, ಮುಟ್ಟಿ ನೋಡಿ, ಒಳ್ಳೇ ಗ್ರೇಡು ಅಂತ ನೀವೇ ಕೊಂಡಿರಿ. ವರ್ಷಾನುಗಟ್ಟಲೆ ನಿಮ್ಮ ಗೋದಾಮಿನಲ್ಲೇ ಇಟ್ಟುಕೊಂಡಿರಿ. ಆಮೇಲೆ ‘ಇದು ನಿನ್ನ ಹೊಲದಲ್ಲೇ ಕೊಳೆತಿತ್ತು’ ಅಂತ ರೈತನ ಮನೆ ಮುಂದೆ ಸುರಿದರೆ ಒಪ್ಪೋಕಾಗುತ್ತಾ?

ಒಪ್ಪೋಕಾಗಲ್ಲ ಅಂತ ಕಾನೂನೇ ಹೇಳುತ್ತೆ. ಅದಕ್ಕೂ ಒಂದು ಇತಿಹಾಸ ಇದೆ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ ತನ್ನ ಯುದ್ಧ ಪಿಂಚಣಿಯ ನಿಯಮವನ್ನೇ ತಿರುಗಿಸಿತು. ಕಾಯಿಲೆ ಸೇವೆಯಿಂದ ಬಂತು ಅಂತ ಸೈನಿಕ ಸಾಬೀತು ಮಾಡಬೇಕಿಲ್ಲ, ಸೇವೆಯಿಂದ ಬಂದಿಲ್ಲ ಅಂತ ಸರ್ಕಾರವೇ ತೋರಿಸಲಿ ಅಂದಿತು. ನಮ್ಮ 1982ರ ಅರ್ಹತಾ ನಿಯಮಗಳಲ್ಲೂ ಇದೇ ನ್ಯಾಯ ಇದೆ. ಸೇರುವಾಗ ಕಾಯಿಲೆ ದಾಖಲಾಗಿಲ್ಲ ಅಂದ್ರೆ ಆತ ಆರೋಗ್ಯವಂತನಾಗಿದ್ದ ಅಂತಲೇ ಭಾವಿಸಬೇಕು. ಸಂಶಯ ಬಂದರೆ ಅದರ ಲಾಭ ಸೈನಿಕನಿಗೆ. ಎಷ್ಟು ಚೆಂದ ಬರೆದಿದ್ದಾರೆ ನೋಡಿ! ಬರೆದದ್ದು ಪುಸ್ತಕದಲ್ಲೇ ಉಳಿಯಿತು.

ಅದನ್ನು ಹೊರಗೆ ತಂದವರು ಧರಮ್‌ವೀರ್ ಸಿಂಗ್ ಅನ್ನೋ ಸಾಮಾನ್ಯ ಸೈನಿಕ. 1985ರಲ್ಲಿ ಸಿಗ್ನಲ್ಸ್ ದಳ ಸೇರಿದರು. ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಮನೆಗೆ ಕಳಿಸಿದರು. ವೈಕಲ್ಯ ಶೇ. 20, ಆದರೆ ಸೇವೆಗೂ ಅದಕ್ಕೂ ಸಂಬಂಧ ಇಲ್ಲ ಅಂದರು. ಕೋರ್ಟಿನಿಂದ ಕೋರ್ಟಿಗೆ ಅಲೆದು, 2013ರ ಜುಲೈ 2ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಸೇರುವಾಗ ಇಲ್ಲದ ಕಾಯಿಲೆ ಸೇವೆಯಿಂದ ಬಂದಿಲ್ಲ ಅನ್ನೋದಾದರೆ ಮಂಡಳಿ ಕಾರಣ ಬರೆಯಬೇಕು, ಸಾಬೀತಿನ ಹೊಣೆ ಸೈನಿಕನದ್ದಲ್ಲ ಅಂತ ಕೋರ್ಟ್ ಹೇಳಿತು. 19 ವರ್ಷ ಸ್ವಾಮಿ! ಪುಸ್ತಕದಲ್ಲಿ ಮೊದಲೇ ಇದ್ದ ಸಾಲನ್ನು ಓದಿಸೋಕೆ 19 ವರ್ಷ.

ಇಷ್ಟು ಒದ್ದಾಡಿದರೆ ಸಿಗೋದೆಷ್ಟು? ಶೇ. 100 ವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30. ಸಂಬಳ 40,000 ಅಂದುಕೊಳ್ಳಿ. ಶೇ. 20 ವೈಕಲ್ಯಕ್ಕೆ ತಿಂಗಳಿಗೆ 2,400 ರೂಪಾಯಿ. ಆದರೆ ಶೇ. 20ರಿಂದ 49ರವರೆಗಿನದ್ದನ್ನು ಶೇ. 50 ಅಂತಲೇ ಎಣಿಸಬೇಕು ಅನ್ನೋ ನಿಯಮ ಇದೆ. ಆಗ ಅದು 6,000 ಆಗುತ್ತೆ, ಮೇಲೆ ತುಟ್ಟಿಭತ್ಯೆ. ಸೇವಾವಧಿ ಮುಗಿಸಿ ನಿವೃತ್ತರಾದವರಿಗೂ ಈ ಲಾಭ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಇಲ್ಲೂ ಮೇಲ್ಮನವಿ ಹೋದದ್ದು ಸರ್ಕಾರದ್ದೇ. ತನ್ನ ಸೈನಿಕನ ವಿರುದ್ಧ ತಾನೇ ದೆಹಲಿಯಲ್ಲಿ ದೊಡ್ಡ ವಕೀಲರನ್ನು ನಿಲ್ಲಿಸೋ ಸರ್ಕಾರ!

ಸುಳ್ಳು ಕಾಯಿಲೆ ತೋರಿಸೋರು ಇಲ್ವಾ ಅಂತ ನೀವು ಕೇಳಬಹುದು. ಇರಬಹುದು. ಅವರನ್ನು ಹಿಡಿಯೋದಕ್ಕೇ ಮಂಡಳಿಯಲ್ಲಿ ವೈದ್ಯರಿದ್ದಾರೆ. ಕಾರಣ ಬರೆದು ತಿರಸ್ಕರಿಸಲಿ, ಯಾರೂ ಬೇಡ ಅನ್ನಲ್ಲ. ಕಾರಣವೇ ಬರೆಯದೆ ಮೊಹರು ಒತ್ತೋದು ತಪಾಸಣೆ ಅಲ್ಲ.

ಈಗ ಮನೆಯಲ್ಲಿ ಕೂತು ಇದನ್ನು ಓದುತ್ತಿರುವ ಮಾಜಿ ಸೈನಿಕರಿಗೆ ಎರಡು ಮಾತು. ಒಂದು ಕಾಗದಕ್ಕೆ ಹೆದರಿ ಸುಮ್ಮನಾಗಬೇಡಿ. ತಿರಸ್ಕಾರ ಬಂದರೆ ಮೊದಲ ಮೇಲ್ಮನವಿ ಇದೆ, ಅದೂ ಆಗದಿದ್ದರೆ ಎರಡನೆಯದಿದೆ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಶುರುಮಾಡಿದ ಸಂಸ್ಥೆ ಅದು. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತೆ. ಕೊನೆಯ ಆದೇಶ ಬಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ತಡವಾಗಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ತಡವಾಗಿ ಹೋದವರಿಗೆ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದು ಮಾತ್ರ ಅಂತ 2008ರ ತರ್ಸೆಮ್ ಸಿಂಗ್ ತೀರ್ಪು ಹೇಳುತ್ತೆ. ಅಂದ್ರೆ ಸಂಕೋಚಪಟ್ಟು ಕೂತ ಒಂದೊಂದು ತಿಂಗಳೂ ನಷ್ಟ. ಇನ್ನೊಂದು ವಿಷಯ: 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಅದಕ್ಕೂ ಮೊದಲು ಸೇವೆ ಬಿಟ್ಟವರಿಗೆ ಹಳೆಯದೇ ಅನ್ವಯ. ನಿಮ್ಮ ಬಿಡುಗಡೆ ದಿನಾಂಕ ಮೊದಲು ನೋಡಿಕೊಳ್ಳಿ.

ಎರಡನೇ ಮಾತು, ಆ ಕಬ್ಬಿಣದ ಟ್ರಂಕ್ ತೆಗೆಯಿರಿ. ಬಿಡುಗಡೆ ಪುಸ್ತಕ, ವೈದ್ಯಕೀಯ ಮಂಡಳಿಯ ವರದಿ, ಆಸ್ಪತ್ರೆ ಚೀಟಿ ಎಲ್ಲ ಒಟ್ಟು ಮಾಡಿ. ವರದಿ ಸಿಕ್ಕಿಲ್ಲವೇ? ಮಾಹಿತಿ ಹಕ್ಕಿನಲ್ಲಿ ಕೇಳಿ. ಮೈಸೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಬೇಡೋಕೆ ಬಂದವರ ಹಾಗೆ ಬಾಗಿಲಲ್ಲಿ ನಿಲ್ಲಬೇಡಿ, ಕುರ್ಚಿ ಎಳೆದು ಕೂತು ಕೇಳಿ. ಇದು ದಾನ ಅಲ್ಲ, ನಿಮ್ಮ ಹಕ್ಕು.

ಮುಂದಿನ ಸೆಪ್ಟೆಂಬರ್ 23ಕ್ಕೆ ನಾನು ಮತ್ತೆ ಹೈಫಾ ಕಥೆ ಹೇಳ್ತೀನಿ. 8 ಜನರಿಗೆ ಕೈಮುಗಿದ ಮೇಲೆ ಆ 34 ಜನರ ಮಾತೂ ಎತ್ತುತ್ತೀನಿ. ನಿಮ್ಮೂರಿನ ‘ಮಿಲ್ಟ್ರಿ’ಯವರ ಪಿಂಚಣಿ ಕಾಗದ ಎಲ್ಲಿಗೆ ಬಂತು ಅಂತ ನೀವೂ ಒಮ್ಮೆ ವಿಚಾರಿಸಿ.